ಹೊಗಳುವುದೂ ಅಪರಾಧವಾಗಿದ್ದಾಗ

ಪೋರ್ಟ್ ವೈನಿನ ರುಚಿಯ ಬಗ್ಗೆ ಠಾಣೆ ಜಿಲ್ಲೆಯ ಬದಲಾಪುರದ ಆಸುಪಾಸಿನಲ್ಲಿ ಯಾರಾದರೂ ಏನಾದರೂ ಬರೆದಿಟ್ಟಿದ್ದಾರೆಯೇ ಎಂದು ಹುಡುಕಹೊರಟವನನ್ನು ಮೊದಲು ಸೆಳೆಯುವುದು ಒಂದು ಸೊಗಸಾದ ಅಡ್ಡದಾರಿ. ಪೋರ್ಟ್ ಪೋರ್ಚುಗಲ್ಲಿನ ವೈನ್. ವಸಯಿ 1534ರಿಂದ 1739ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಠಾಣೆ 1737ರವರೆಗೆ. ಇವೆರಡನ್ನೂ ಗಂಟುಹಾಕಿದರೆ ಉಲ್ಹಾಸ್ ನದಿಯಲ್ಲಿ ಪೀಪಾಯಿಗಳು ಬದಲಾಪುರದವರೆಗೆ ತೇಲಿಬಂದ ಕಥೆ ತಾನಾಗಿಯೇ ಹುಟ್ಟುತ್ತದೆ.

ಇಸವಿಗಳು ಮಾತ್ರ ಒಪ್ಪುವುದಿಲ್ಲ. ಪೋರ್ಟನ್ನು ಬೆಳೆಸಿದ್ದು ಇಂಗ್ಲೆಂಡಿನ ಮಾರುಕಟ್ಟೆ. 1703ರ ಮೆಥುವೆನ್ ಒಪ್ಪಂದ ಪೋರ್ಚುಗಲ್ಲಿನ ವೈನಿಗೆ ಫ್ರಾನ್ಸಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ವಿಧಿಸಿತು. ಪೋರ್ಟ್ ತಯಾರಾಗುವ ದೌರು ಕಣಿವೆಗೆ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ ಗಡಿ ಹಾಕಿದ್ದು 1756ರಲ್ಲಿ, ವಸಯಿ ಮರಾಠರಿಗೆ ಬಿದ್ದು ಹದಿನೇಳು ವರ್ಷಗಳಾದ ಮೇಲೆ. ಅಡ್ಡ ಮಲಗಿಸಿ ವರ್ಷಗಟ್ಟಲೆ ಇಡಬಹುದಾದ ಬಾಟಲಿ ಬಂದದ್ದು ಇನ್ನೂ ಈಚೆಗೆ. 1775ರ ಸುಗ್ಗಿಯನ್ನು ಸಾಮಾನ್ಯವಾಗಿ ಮೊದಲ ವಿಂಟೇಜ್ ಎನ್ನುತ್ತಾರೆ. ಅಂದರೆ ವಿಂಟೇಜ್ ಪೋರ್ಟ್ ಎಂಬುದು ಹುಟ್ಟುವ ಹೊತ್ತಿಗೆ ಪೋರ್ಚುಗೀಸರು ಇಲ್ಲಿಂದ ಜಾಗ ಖಾಲಿ ಮಾಡಿಯಾಗಿತ್ತು. ಹುಡುಕಬೇಕಾದ್ದು ಇಂಗ್ಲಿಷರ ಕಡತಗಳಲ್ಲಿ.

1882ರಲ್ಲಿ ಬಂದ ಠಾಣೆ ಜಿಲ್ಲಾ ಗ್ಯಾಸೆಟಿಯರಿನಲ್ಲಿ ಅಬಕಾರಿಯೆಂದರೆ ಮಹುವಾ ಸಾರಾಯಿ, ತಾಳೆ ಹೆಂಡ, ಉರಣದ ಭಟ್ಟಿಗಳು. ಸಾಹೇಬರ ಬಾಟಲಿಗಳಿಗೆ ಸುಂಕದ ಕಡತಗಳಿಗೇ ಹೋಗಬೇಕು. ಅವು ಪ್ರಮಾಣವನ್ನೂ ಬೆಲೆಯನ್ನೂ ಹೇಳುತ್ತವೆ; ನಾಲಿಗೆಯ ಸುದ್ದಿ ಸುಂಕದವನಿಗೆ ಏತಕ್ಕೆ?

ನನಗೆ ಬೇಕಾದ್ದು ಸಿಕ್ಕಿದ್ದು ನಾನು ಹುಡುಕದ ಕಡೆ, 1949ರ ಮುಂಬಯಿ ಪಾನನಿಷೇಧ ಕಾಯ್ದೆಯಲ್ಲಿ. ಅದರ 23ನೇ ಕಲಮು ಯಾವುದೇ ಮಾದಕ ವಸ್ತುವನ್ನು ಶಿಫಾರಸು ಮಾಡಿ ಹೊಗಳುವುದನ್ನೇ ನಿಷೇಧಿಸುತ್ತಿತ್ತು. 24ನೆಯದು ಅಂಥ ಹೊಗಳಿಕೆಯನ್ನು ಅಚ್ಚು ಹಾಕುವುದನ್ನು ತಡೆಯುತ್ತಿತ್ತು. ಕುಡಿಯುವುದು, ಮಾರುವುದು ಇರಲಿ, ಇಂಥ ವರ್ಷದ ವೈನ್ ಚೆನ್ನಾಗಿದೆ ಎಂದು ಬರೆಯುವವನೂ ಸಿಕ್ಕಿಬೀಳುವ ಹಾಗೆ. ಈ ಕಾಯ್ದೆಯ ಸೀಮೆ ಬದಲಾಪುರಕ್ಕೆ ಮುಗಿಯುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಕಾಯ್ದೆ ಬಂದ ಹೊಸದರಲ್ಲಿ ಧಾರವಾಡದ ಪತ್ರಿಕೆಯೊಂದಕ್ಕೆ ಇಂಥ ಲೇಖನ ಬಂದಿದ್ದರೆ ಸಂಪಾದಕರು ಮೊದಲು ವಕೀಲರ ಮನೆಗೆ ಹೋಗಬೇಕಾಗುತ್ತಿತ್ತು.

ಕಾಯ್ದೆಯನ್ನು ಕೋರ್ಟಿಗೆಳೆದವರು ಎಫ್.ಎನ್. ಬಲ್ಸಾರಾ ಎಂಬ ಮುಂಬಯಿಯ ಪಾರ್ಸಿ. ಅವರ ಅರ್ಜಿಯ ಪಟ್ಟಿಯನ್ನು ಓದುವುದೇ ಒಂದು ಖುಷಿ: ವಿಸ್ಕಿ, ಬ್ರಾಂಡಿ, ವೈನ್, ಬಿಯರ್, ಔಷಧೀಯ ವೈನ್, ಓಡಿಕೊಲೋನ್, ಲ್ಯಾವೆಂಡರ್ ನೀರು. ಇವನ್ನೆಲ್ಲ ಇಟ್ಟುಕೊಳ್ಳುವ, ಬಳಸುವ ಹಕ್ಕು ಬೇಕೆಂದು ಅವರ ವಾದ. 1951ರ ಮೇ 25ರಂದು ನ್ಯಾಯಮೂರ್ತಿ ಫಜಲ್ ಅಲಿ ಬರೆದ ಸುಪ್ರೀಂ ಕೋರ್ಟ್ ತೀರ್ಪು ಪಾನನಿಷೇಧದ ಬಹುಭಾಗವನ್ನು ಎತ್ತಿಹಿಡಿಯಿತು. ಮದ್ಯಸಾರವಿರುವ ಔಷಧಿ ಮತ್ತು ಸುಗಂಧದ್ರವ್ಯಗಳ ಮೇಲಿನ ಕಟ್ಟುಗಳನ್ನು ಸಡಿಲಿಸಿತು. ಹೊಗಳಿಕೆಯ ಮೇಲಿನ ನಿಷೇಧವನ್ನು, ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು, ಕಿತ್ತುಹಾಕಿತು. ಈ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಶಾಸನಾಧಿಕಾರದ ಪ್ರಶ್ನೆಗಾಗಿ ಓದುತ್ತಾರೆ. ವೈನಿನ ಬಗ್ಗೆ ಬರೆಯುವವರು ಇದನ್ನು ನೆನೆಯುವುದನ್ನು ನಾನಂತೂ ಕಂಡಿಲ್ಲ, ನೆನೆಯಬೇಕು.

ಸೇನೆಯ ಮೆಸ್ಸುಗಳಿಗಿದ್ದ ವಿನಾಯಿತಿಯನ್ನೂ ಅದೇ ತೀರ್ಪು ಉಳಿಸಿತು. ಬ್ರಿಟಿಷ್ ಮೆಸ್ಸುಗಳಲ್ಲಿ ಊಟದ ಕೊನೆಗೆ ಪೋರ್ಟಿನ ಪಾತ್ರೆ ಎಡಕ್ಕೆ, ಎಡಕ್ಕೇ ಸಾಗಬೇಕೆಂಬ ಸಂಪ್ರದಾಯವಿತ್ತು. ನಾಗರಿಕನಿಗೆ ಉಳಿದದ್ದು ಪರವಾನಗಿ. ಅದು ಆರೋಗ್ಯ ಕಾಪಾಡಿಕೊಳ್ಳಲು ಕೊಡುವ ಪರವಾನಗಿ! ರುಚಿಗಾಗಿ ಕುಡಿಯುತ್ತೇನೆ ಎನ್ನಲು ಆ ನಮೂನೆಯಲ್ಲಿ ಜಾಗವಿಲ್ಲ.

ಅಷ್ಟಕ್ಕೂ ಹೊಗಳುವಂಥದ್ದೇನಿದೆ ಪೋರ್ಟಿನಲ್ಲಿ? ದ್ರಾಕ್ಷಿರಸ ಅರ್ಧ ಹುದುಗುವಷ್ಟರಲ್ಲಿ ಶೇ. 77ರ ದ್ರಾಕ್ಷಿ ಮದ್ಯಸಾರವನ್ನು ಸುರಿಯುತ್ತಾರೆ; 550 ಲೀಟರಿನ ಪೀಪಾಯಿಯಲ್ಲಿ ಸುಮಾರು 115 ಲೀಟರ್ ಅದೇ. ಹುದುಗು ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ವಿಂಟೇಜ್ ಎನಿಸಿಕೊಳ್ಳುವುದು ಒಂದೇ ಒಳ್ಳೆಯ ವರ್ಷದ ರಸ. ದಶಕಕ್ಕೆ ಮೂರು ಸಲ ಇಂಥ ಘೋಷಣೆ ಬಂದರೆ ಹೆಚ್ಚು. 1945, 1963, 1977, 1994 ಹೆಸರಾದ ವರ್ಷಗಳು. ಮರದಲ್ಲಿ ಎರಡು ಮೂರು ವರ್ಷವಷ್ಟೇ ಇಟ್ಟು, ಸೋಸದೆ ಬಾಟಲಿಗಿಳಿಸುತ್ತಾರೆ. ಉಳಿದ ಇಪ್ಪತ್ತು, ಮೂವತ್ತು ವರ್ಷದ ಮಾಗುವಿಕೆ ಗಾಜಿನೊಳಗೆ. ಎಳೆಯದರಲ್ಲಿ ಕಡುನೇರಳೆ ಬಣ್ಣ, ಒಗರು, ಕರಿ ಹಣ್ಣುಗಳ ವಾಸನೆ. ಮಾಗಿದ್ದರಲ್ಲಿ ಒಣಅಂಜೂರ, ಅಕ್ರೋಟು. ತಳದಲ್ಲಿ ಗಷ್ಟು ಕಟ್ಟುವುದರಿಂದ ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಬೇಕು. ತೆರೆದ ಮೇಲೆ ಒಂದೆರಡು ದಿನದಲ್ಲಿ ಮುಗಿಸಬೇಕು. ಇಷ್ಟು ವರ್ಷ ಅದಕ್ಕೆ 12–15 ಡಿಗ್ರಿಯ ಕತ್ತಲು ಬೇಕು. ಬೇಸಿಗೆಯಲ್ಲಿ 40 ದಾಟುವ ಬದಲಾಪುರದ ಮನೆಯ ಕಪಾಟಿನಲ್ಲಿ ಇಟ್ಟರೆ ಮಾಗುವುದಿಲ್ಲ, ಬೇಯುತ್ತದೆ.

ನಮ್ಮ ಕಡೆ ಪೋರ್ಟ್ ಎಂದು ಜನ ಬಲ್ಲದ್ದು ಇದಲ್ಲ. ಅದು ಗೋವೆಯ ಸಿಹಿ ಕೆಂಪು ವೈನ್. ಅದಕ್ಕೆ ಹೋಗುವ ದ್ರಾಕ್ಷಿ ಬಹುಮಟ್ಟಿಗೆ ನಮ್ಮದೇ ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ದಪ್ಪ ಸಿಪ್ಪೆಯ, ಬೀಜದ, ಘಮಘಮಿಸುವ ಹಣ್ಣು. ಅದರ ವಾಸನೆಗೆ ಯುರೋಪಿನ ರುಚಿಗಾರರು ಮೂಗು ಮುರಿಯುತ್ತಾರೆ. ಮುರಿಯಲಿ, ಅದನ್ನು ದೌರುವಿನ ಅಳತೆಗೋಲಿನಿಂದ ಅಳೆಯುವುದೇ ತಪ್ಪು.

ಕೊನೆಗೆ ನೋಡಿದ್ದು ಚೆನ್ನೈಯಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ. ಒಂದೇ ದಾಖಲೆಯಲ್ಲಿ ಪೋರ್ಚುಗಲ್ಲಿನ ‘ಪೋರ್ಟೊ’ ಇದೆ, ಬೆಂಗಳೂರು ಬ್ಲೂ ದ್ರಾಕ್ಷಿ ಇದೆ, ಈಚಿನ ವರ್ಷಗಳಲ್ಲಿ ಸೇರಿದ ಬದಲಾಪುರದ ನೇರಳೆಯೂ ಇದೆ. ಪೋರ್ಟೊ ಅಲ್ಲಿರುವುದು ವೈನಾಗಿ. ಬೆಂಗಳೂರು ಬ್ಲೂ ಮತ್ತು ಬದಲಾಪುರದ ನೇರಳೆ ಬರಿಯ ಹಣ್ಣುಗಳಾಗಿ. ದೌರುವಿನ ರೈತನಿಗೆ ತನ್ನ ಊರಿನ ಹೆಸರು ಬಾಟಲಿಯವರೆಗೂ ಕಾವಲಿಗೆ ಬರುತ್ತದೆ. ದೇವನಹಳ್ಳಿಯ ರೈತನ ಕಾವಲು ಬುಟ್ಟಿಗೇ ನಿಲ್ಲುತ್ತದೆ; ಅವನ ದ್ರಾಕ್ಷಿ ಗೋವೆಗೆ ಹೋಗಿ ಬೇರೊಂದು ದೇಶದ ಬಂದರಿನ ಹೆಸರು ಹೊತ್ತು ಅಂಗಡಿಗೆ ಬರುತ್ತದೆ.