ಬ್ರಹ್ಮಗಿರಿಯ ಉತ್ಖನನ ಮತ್ತು ಎಂ. ಎಚ್. ಕೃಷ್ಣರ ಕೀರ್ತಿ: ಒಂದು ಮರುಪರಿಶೀಲನೆ

ದಕ್ಷಿಣ ಧ್ರುವದಿಂದ ಮರಳುವಾಗ 1912ರಲ್ಲಿ ಮಡಿದ ರಾಬರ್ಟ್ ಸ್ಕಾಟ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವೀರನೆನಿಸಿದ್ದ. 1979ರಲ್ಲಿ ರೋಲಂಡ್ ಹಂಟ್‌ಫರ್ಡ್ ಅವನನ್ನು ಅಸಮರ್ಥನೆಂದು ಬರೆದರು. 2001ರಲ್ಲಿ ಸೂಸನ್ ಸಾಲೊಮನ್ ಹವಾಮಾನದ ದಾಖಲೆಗಳನ್ನು ಮುಂದಿಟ್ಟು ಆ ತೀರ್ಪನ್ನು ತಿದ್ದಿದರು. ಬ್ರಹ್ಮಗಿರಿಯಿರುವ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಗತವನ್ನು ಹುಡುಕಿದವರ ಹೆಸರುಗಳೂ ಹೀಗೇ ಏರಿಳಿದಿವೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು 1892ರಲ್ಲಿ ವಿದ್ವಲ್ಲೋಕಕ್ಕೆ ತಿಳಿಸಿದವರು ಶಾಸನತಜ್ಞ ಬಿ. ಎಲ್. ರೈಸ್. ಊರವರಿಗೆ ಆ ಬಂಡೆಗಳು ಹೊಸವಲ್ಲ. ಬ್ರಹ್ಮಗಿರಿಯದು ಅಕ್ಷರಗುಂಡು, ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಚಪ್ಪರದ ಗೂಟಕ್ಕೆಂದು ಕೊರೆದ ಕುಳಿಗಳು ಅಲ್ಲಿ ಬರಹವನ್ನೇ ಕೆಡಿಸಿವೆ. ರೈಸರ ಕೀರ್ತಿಗೆ ಮಾತ್ರ ಇಂದಿಗೂ ಕುಂದಿಲ್ಲ.

ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣರ ಪಾಡು ಬೇರೆ. 1940ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ ಅವರು ನವಶಿಲಾಯುಗದ ಮೇಲೆ ಕಬ್ಬಿಣಯುಗ, ಅದರ ಮೇಲೆ ಮೌರ್ಯರ ಕಾಲ ಎಂಬ ಅನುಕ್ರಮವನ್ನು ಗುರುತಿಸಿದರು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದೇ ಜಾಗದಲ್ಲಿ ಉತ್ಖನನ ನಡೆಸಿದರು. ಕೃಷ್ಣರು ತೀರಿಕೊಂಡದ್ದೂ ಅದೇ ವರ್ಷ. ವೀಲರ್ ವರದಿಯ ಸ್ತರನಕ್ಷೆಗಳು, ಮಡಕೆಗಳ ರೇಖಾಚಿತ್ರಗಳು ನಿಜಕ್ಕೂ ಮಾದರಿ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ವಸ್ತುಗಳ ಜೊತೆ ದೊರೆತ ಮಡಕೆಗಳ ಆಧಾರದಿಂದ ಅವರು ಇಲ್ಲಿನ ಕಾಲವನ್ನು ನಿರ್ಣಯಿಸಿದರು. ಅಂದಿನಿಂದ ‘ಬ್ರಹ್ಮಗಿರಿ’ ಎಂದರೆ ವೀಲರ್ ಎಂಬಂತಾಯಿತು.

ಆದರೆ ಆ ಕಾಲಗಣನೆಯೇ ನಿಲ್ಲಲಿಲ್ಲ. ಕಬ್ಬಿಣ ಬಳಸಿದ ಬೃಹತ್ ಶಿಲಾಗೋರಿಗಳ ಜನ ಇಲ್ಲಿಗೆ ಬಂದದ್ದು ಕ್ರಿ.ಪೂ. 200ರ ಸುಮಾರಿಗೆ, ಅಂದರೆ ಅಶೋಕನ ನಂತರ, ಎಂದು ವೀಲರ್ ಹೇಳಿದ್ದರು. ಎಂ. ಎಸ್. ನಾಗರಾಜ ರಾವ್ 1965ರಲ್ಲಿ ಹಳ್ಳೂರಿನಲ್ಲಿ ನಡೆಸಿದ ಉತ್ಖನನದ ರೇಡಿಯೋಕಾರ್ಬನ್ ಫಲಿತಾಂಶಗಳು ಕರ್ನಾಟಕದ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದವು. ಮೌರ್ಯರಿಗಿಂತ ಮೊದಲೇ ಕಬ್ಬಿಣ ಎಂಬ ಕೃಷ್ಣರ ಅನುಕ್ರಮಕ್ಕೆ ಇದರಿಂದ ಬಲ ಬಂತು. ಅವರ ಹೆಸರು ಮಾತ್ರ ಮೇಲೇಳಲಿಲ್ಲ. ವೀಲರರನ್ನು ತಿದ್ದಿದವರೂ ವೀಲರರನ್ನೇ ಉಲ್ಲೇಖಿಸಬೇಕಾಯಿತು. ಖ್ಯಾತಿ ಬೆಳೆಯುವ ಬಗೆಯೇ ಹಾಗೆ.

ಕನ್ನಡಿಗರು ಕೃಷ್ಣರನ್ನು ನೆನೆಯುವುದು ಅವರು 1936ರಲ್ಲಿ ಪತ್ತೆಮಾಡಿದ ಹಲ್ಮಿಡಿ ಶಾಸನದಿಂದ. ಅದು ಭಾಷೆಯ ಹೆಮ್ಮೆಗೆ ಒದಗಿತು, ಪಠ್ಯಪುಸ್ತಕ ಸೇರಿತು. ಮಣ್ಣಿನ ಪದರಗಳಿಗೆ ಆ ಭಾಗ್ಯವಿಲ್ಲ. ಹೊಲದಂಚಿನ ಗೋರಿಗಳ ಚಪ್ಪಡಿಗಳನ್ನು ಓದಲು ಹಲ್ಮಿಡಿಯನ್ನು ಓದಿದಷ್ಟೇ ವಿದ್ವತ್ತು ಬೇಕು. ಕೃಷ್ಣರ ಬ್ರಹ್ಮಗಿರಿ ವರದಿಯನ್ನು ವೀಲರ್ ವರದಿಯ ಪಕ್ಕದಲ್ಲಿಟ್ಟು ಕನ್ನಡದಲ್ಲಿ ಸಂಪಾದಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.