ಡ್ರೂಯಿಡರೆಂಬ ಆಚಾರ್ಯರೂ ಮೇಜಿನಾಟದ ಮಾಂತ್ರಿಕರೂ

ಒಂದು ಜನಾಂಗವು ತನ್ನ ವಿಷಯವನ್ನು ತಾನೇ ಬರೆದಿಡದೆ ಹೋದರೆ, ಅದರ ಚರಿತ್ರೆಯನ್ನು ಪರರು ಬರೆಯುವರು. ಹಾಗೆ ಬರೆದುದರಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದು ಆ ಜನಾಂಗದ ಕೈಯಲ್ಲಿರುವುದಿಲ್ಲ. ಪುರಾತನ ಕೆಲ್ಟ್ ಜನರ ಆಚಾರ್ಯರಾದ ಡ್ರೂಯಿಡರ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನವು. ಇಂದಿನ ತರುಣರಲ್ಲಿ ಅನೇಕರ ಕಿವಿಗೆ ಈ ಹೆಸರು ಮೊದಲು ಬೀಳುವುದು ಚರಿತ್ರೆಯ ಗ್ರಂಥಗಳಿಂದಲ್ಲ, ಒಂದು ಆಟದಿಂದ.

ಆ ಆಟವು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ರಚಿಸಿ 1974ರಲ್ಲಿ ಪ್ರಕಟಿಸಿದರು. ಕೆಲವರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುವರು. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು. ಸಾಹಸಗಳ ಜಯಾಪಜಯಗಳನ್ನು ದಾಳಗಳು ನಿರ್ಣಯಿಸುವುವು. ಈ ಆಟದೊಳಕ್ಕೆ ಡ್ರೂಯಿಡನು 1975ರಲ್ಲಿ ಎದುರಾಳಿಯಾಗಿ ಪ್ರವೇಶಿಸಿ, 1976ರಲ್ಲಿ ಆಟಗಾರರು ಧರಿಸಬಹುದಾದ ಪಾತ್ರವಾದನು.

ಡ್ರೂಯಿಡರನ್ನು ಕುರಿತು ವಿಸ್ತಾರವಾಗಿ ಬರೆದವನು ಅವರ ದೇಶವನ್ನು ಗೆದ್ದ ಜೂಲಿಯಸ್ ಸೀಸರನು. ಇಂದಿನ ಫ್ರಾನ್ಸ್ ಇರುವ ಗಾಲ್ ದೇಶದ ಯುದ್ಧವೃತ್ತಾಂತದ ಆರನೆಯ ಭಾಗದಲ್ಲಿ, ಕ್ರಿ. ಪೂ. 53ರ ಸಂಗತಿಗಳ ನಡುವೆ, ಅವನು ಅವರ ವಿಷಯವನ್ನು ಹೇಳಿರುವನು. ಯಜ್ಞಕಾರ್ಯಗಳನ್ನು ನಡೆಸುವವರೂ, ವ್ಯಾಜ್ಯಗಳನ್ನು ತೀರಿಸುವವರೂ, ತರುಣರಿಗೆ ವಿದ್ಯೆಯನ್ನು ಕಲಿಸುವವರೂ ಅವರೇ. ಯುದ್ಧಕ್ಕೆ ಹೋಗುವ ಕಟ್ಟುಪಾಡೂ ಕಂದಾಯವೂ ಅವರಿಗಿರಲಿಲ್ಲ. ಶಿಷ್ಯರು ಅಸಂಖ್ಯಾತ ಪದ್ಯಗಳನ್ನು ಕಂಠಸ್ಥ ಮಾಡುತ್ತಿದ್ದರು. ಕೆಲವರ ವ್ಯಾಸಂಗವು 20 ವರ್ಷಗಳವರೆಗೂ ಸಾಗುತ್ತಿದ್ದಿತು. ಪವಿತ್ರವಿದ್ಯೆಯನ್ನು ಬರೆದಿಡುವುದು ನಿಷಿದ್ಧವಾಗಿದ್ದಿತು. ವಿದ್ಯೆಯು ಜನಸಾಮಾನ್ಯರಲ್ಲಿ ಹರಡಬಾರದೆಂಬುದೊಂದು, ಅಕ್ಷರವನ್ನು ನಂಬಿದ ಶಿಷ್ಯನ ಧಾರಣಶಕ್ತಿಯು ಕುಂದಬಾರದೆಂಬುದೊಂದು—ಹೀಗೆ ಸೀಸರನು ಇದಕ್ಕೆ ಎರಡು ಕಾರಣಗಳನ್ನು ಊಹಿಸಿರುವನು.

ವೇದಗಳನ್ನು ಮುಖಪರಂಪರೆಯಿಂದ ಕಾಪಾಡಿಕೊಂಡು ಬಂದ ಭಾರತೀಯರಿಗೆ ಇದು ವಿಚಿತ್ರವಾಗಿ ತೋರದು. ಭೇದವಿಷ್ಟೆ: ಇಲ್ಲಿ ಗುರುಶಿಷ್ಯರ ಸರಪಣಿಯು ಕಡಿಯಲಿಲ್ಲ, ಅಲ್ಲಿ ಕಡಿಯಿತು. ಕ್ರಿ. ಶ. 60 ಅಥವಾ 61ರಲ್ಲಿ ರೋಮನ್ ಸೇನಾಪತಿಯಾದ ಸ್ವೆಟೋನಿಯಸ್ ಪೌಲಿನಸನು ವೇಲ್ಸಿನ ಸಮೀಪದ ಮೋನಾ ದ್ವೀಪವನ್ನು ಆಕ್ರಮಿಸಿದನೆಂದೂ, ಅಲ್ಲಿದ್ದ ದೇವರ ವನಗಳು ಕಡಿಯಲ್ಪಟ್ಟುವೆಂದೂ ಟ್ಯಾಸಿಟಸನು ಬರೆದಿರುವನು. ಗುರುಗಳು ಅಳಿದ ಮೇಲೆ ಕಂಠದಲ್ಲಿದ್ದ ವಿದ್ಯೆಯೂ ಅಳಿಯಿತು.

ಇನ್ನು ಆಟದ ಕಡೆಗೆ ತಿರುಗೋಣ. 1978ರ ನಿಯಮಗ್ರಂಥದಲ್ಲಿ ಡ್ರೂಯಿಡನ ಪವಿತ್ರಚಿಹ್ನೆಯು ಮಿಸಲ್‌ಟೋ ಎಂಬ ಬಂದಳಿಕೆಯು. ಅದನ್ನು ಚಿನ್ನದ ಕುಡುಗೋಲಿನಿಂದ ಕೊಯ್ಯುವುದು ಶ್ರೇಷ್ಠವು. ಇದು ಕ್ರಿ. ಶ. ಒಂದನೆಯ ಶತಮಾನದಲ್ಲಿ ಪ್ಲಿನಿಯು ವರ್ಣಿಸಿದ ವಿಧಿಯೇ. ಬಿಳಿಯ ವಸ್ತ್ರವನ್ನುಟ್ಟ ಡ್ರೂಯಿಡನು ಓಕ್ ಮರವನ್ನೇರಿ ಬಂದಳಿಕೆಯನ್ನು ಚಿನ್ನದ ಕುಡುಗೋಲಿನಿಂದ ಕೊಯ್ಯುವನೆಂದು ಅವನು ಹೇಳಿರುವನು. ಆಟದಲ್ಲಿ ಮಹಾಡ್ರೂಯಿಡನು ಒಬ್ಬನೇ. ಆ ಪದವಿಯನ್ನು ಬಯಸುವವನು ಅದರಲ್ಲಿರುವವನನ್ನು ಕಾಳಗದಲ್ಲಿ ಸೋಲಿಸಬೇಕು. ಪ್ರಧಾನಾಚಾರ್ಯನು ಮೃತನಾದಾಗ ಸಮಾನಯೋಗ್ಯತೆಯುಳ್ಳವರು ಹಲವರಿದ್ದರೆ ಮತದಿಂದಲೂ, ಕೆಲವು ವೇಳೆ ಆಯುಧಗಳಿಂದಲೂ ಸ್ಥಾನವು ತೀರ್ಮಾನವಾಗುತ್ತಿದ್ದಿತೆಂಬ ಸೀಸರನ ಮಾತೇ ಇಲ್ಲಿ ನೆನಪಾಗುವುದು. ಆದರೆ ಅಪರೂಪಕ್ಕೆ ನಡೆಯುತ್ತಿದ್ದುದು ಆಟದಲ್ಲಿ ನಿಯಮವೇ ಆಗಿರುವುದು, ಮತದಾನವು ಬಿಟ್ಟುಹೋಗಿರುವುದು.

ಬಿಟ್ಟುಹೋದುದು ಅದೊಂದೇ ಅಲ್ಲ. ನ್ಯಾಯಾಧಿಪತಿಯೂ ಇಲ್ಲ, ಗುರುವೂ ಇಲ್ಲ; ಮೃಗರೂಪವನ್ನು ತಾಳಬಲ್ಲ ವನವಾಸಿಯಾದ ಮಾಂತ್ರಿಕನು ಮಾತ್ರ ಉಳಿದಿರುವನು. ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು 12ನೆಯ ಶತಮಾನದ ಹೊತ್ತಿಗೆ ಹಸ್ತಪ್ರತಿಗಳಲ್ಲಿ ಬರೆದಿಟ್ಟ ವೀರಕಥೆಗಳಲ್ಲಿಯೂ ರೂಪಾಂತರಗಳುಂಟು; ಮೋರಿಗನ್ ದೇವತೆಯು ಹಾವುಮೀನಾಗಿ, ತೋಳವಾಗಿ, ಹಸುವಿನ ರೂಪದಿಂದ ವೀರನನ್ನು ಎದುರಿಸುವಳು. ಆದರೆ ಆ ಕಥೆಗಳಲ್ಲಿಯೇ ಕಾಥ್ಬಾದ್ ಎಂಬ ಡ್ರೂಯಿಡನು ಶಿಷ್ಯರಿಗೆ ಪಾಠ ಹೇಳುತ್ತಿರುವನು. ಈ ದಿನ ಆಯುಧವನ್ನು ಧರಿಸುವ ಬಾಲಕನು ಕೀರ್ತಿವಂತನೂ ಅಲ್ಪಾಯುವೂ ಆಗುವನೆಂದು ಅವನಾಡಿದ ಮಾತನ್ನು ಕೇಳಿಯೇ ಕೂಹುಲಿನ್ ಎಂಬ ಬಾಲವೀರನು ಆಯುಧವನ್ನು ಬೇಡಲು ಓಡುವನು. ಅನ್ಯಮತದವರಾದ ಸನ್ಯಾಸಿಗಳು ಕೂಡ ಗುರುವನ್ನು ಅಳಿಸಲಿಲ್ಲವೆಂಬುದು ಗಮನಾರ್ಹವು.

ಹಾಗಾದರೆ ಆಟವು ಅವನನ್ನೇಕೆ ಬಿಟ್ಟಿತು? ರಚಿಸಿದವರ ಉದಾಸೀನವೇ ಇದಕ್ಕೆ ಕಾರಣವೆಂದರೆ ಅನ್ಯಾಯವಾದೀತು. ರೋಮನರ ಜಯವನ್ನು ದಾಟಿ ಈ ಪಂಥವು ಉಳಿದಿದ್ದರೆ ಹೇಗಾಗುತ್ತಿದ್ದಿತೋ ಅದರ ಕಲ್ಪನೆಯಿದೆಂದು 1978ರ ಗ್ರಂಥವೇ ಸೂಚಿಸಿರುವುದು. ನಿಜವಾದ ಕಾರಣವು ದಾಳದಲ್ಲಿದೆ. ಏಟನ್ನು ಅಂಕಿಯಿಂದ ಅಳೆಯಬಹುದು. 20 ವರ್ಷಗಳ ಅಧ್ಯಯನವನ್ನು ಅಳೆಯುವುದೆಂತು? 1980ರಲ್ಲಿ ಇದೇ ಆಟಕ್ಕಾಗಿ ಹೊರಟ ದೇವತೆಗಳ ಗ್ರಂಥದಲ್ಲಿ ಕೆಲ್ಟರ ದಾಗ್ದಾ, ಲೂಗ್ ಎಂಬವರಿಗೂ, ಭಾರತದ ಇಂದ್ರಾಗ್ನಿವರುಣರಿಗೂ ಅಂಕಿಗಳೇ ಪ್ರಾಪ್ತವಾದುವು. ಅಳತೆಗೆ ಸಿಕ್ಕಿದುದು ಉಳಿಯಿತು, ಸಿಕ್ಕದುದು ಜಾರಿತು.

ಆದರೂ ಒಂದು ಸಂಗತಿಯನ್ನು ಮರೆಯಲಾಗದು. ಈ ಆಟದ ಜೀವಾಳವು ಪುಸ್ತಕವಲ್ಲ, ಮಾತು. ಒಬ್ಬನು ಹೇಳುವನು, ಉಳಿದವರು ಕೇಳಿ ಮನಸ್ಸಿನಲ್ಲಿ ಚಿತ್ರಿಸಿಕೊಂಡು ಉತ್ತರವಾಡುವರು. ಅಂದಿನ ಕಥೆಯು ಅಲ್ಲಿದ್ದವರ ನೆನಪಿನಲ್ಲಿಯೇ ಬಾಳುವುದು. ಡ್ರೂಯಿಡನ ವಿದ್ಯೆಯಲ್ಲಿ ಒಂದು ಪದ್ಯವೂ ಆ ಮೇಜಿನ ಬಳಿ ಇಲ್ಲ. ಅವನು ಅಕ್ಷರಕ್ಕಿಂತ ಮೇಲೆಂದು ಭಾವಿಸಿದ ಮಾತೂ ಕಿವಿಯೂ ಮಾತ್ರ ಅಲ್ಲಿ ಇನ್ನೂ ಇವೆ.