ಸಿಹಿ ವಾಸನೆಯ ಸೋರಿಕೆ

ದೆಹಲಿಯ ಜನವರಿ. ಬೆಳಗ್ಗೆ ಕಾರಿನ ಹೀಟರ್ ಹಾಕಿದ ಕೂಡಲೇ ಬೆಲ್ಲದ ಪಾಕದಂಥ ವಾಸನೆ ಬಂತು. ಮುಂದಿನ ಗಾಜು ಒಳಗಿನಿಂದ ಮಬ್ಬಾಯಿತು. ಒರೆಸಿದರೆ ಬಟ್ಟೆಗೆಲ್ಲ ಜಿಡ್ಡು. ಎಡಸೀಟಿನ ಮುಂದಿನ ಕಾರ್ಪೆಟ್ ಒದ್ದೆ. ಮೆಕ್ಯಾನಿಕ್ ನೋಡಿ, "ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು" ಅಂದರು. ಅಷ್ಟು ದೊಡ್ಡ ಖರ್ಚಿಗೆ ಮುಂಚೆ ನಾನೇ ಪರೀಕ್ಷಿಸೋಣ ಅನ್ನಿಸಿತು.

ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೆ ಹರಿಯುತ್ತದೆ. ಫ್ಯಾನ್ ಆ ಬಿಸಿಯನ್ನು ನಮ್ಮತ್ತ ಬೀಸುತ್ತದೆ.

ಮೊದಲು ಹೀಗಿರಲಿಲ್ಲ. 1920ರ ದಶಕದ ಕೊನೆಯ ಫೋರ್ಡ್ ಮಾಡೆಲ್ ಎ ಕಾರಿಗೆ ಸಿಗುತ್ತಿದ್ದ ಹೀಟರ್ ತೀರ ಸರಳ: ಹೊಗೆ ಹೋಗುವ ಬಿಸಿ ಕೊಳವೆಯ ಸುತ್ತ ಒಂದು ತಗಡಿನ ಕವಚ, ಅದರೊಳಗೆ ಕಾದ ಗಾಳಿ ನೇರ ಕಾರಿನೊಳಗೆ. ಹೇಗೂ ವ್ಯರ್ಥವಾಗುವ ಬಿಸಿ, ಹಾಗಾಗಿ ಪುಕ್ಕಟೆ. ಆದರೆ ಕೊಳವೆ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬರುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂತವರಿಗೆ ತಲೆ ಭಾರವಾಗಿ ಮಂಪರು ಬರುತ್ತದೆ, ಅಷ್ಟೇ. ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಗಾಳಿಯಿಂದಲೇ ತಣಿಯುವಂಥದ್ದು. ಬಿಸಿನೀರೇ ಇಲ್ಲದ್ದರಿಂದ ಅದರಲ್ಲಿ ಹಳೆಯ ಪದ್ಧತಿಯೇ ದಶಕಗಟ್ಟಲೆ ಉಳಿಯಿತು, ತುಕ್ಕಿನ ಭಯವೂ ಜೊತೆಗೆ.

1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಬಿಸಿ ಕೂಲೆಂಟಿನ ಕೋರ್ ಮೂಲಕ ಕಾಯಿಸಿ ಒಳಬಿಡುವ ವ್ಯವಸ್ಥೆ ತಂದಿತು. ಮರುವರ್ಷ ಥರ್ಮೋಸ್ಟಾಟ್ ಸೇರಿ ಅದು 'ವೆದರ್ ಐ' ಎಂದು ಹೆಸರಾಯಿತು. ಇದೂ ಸೋರುತ್ತದೆ ನಿಜ. ಆದರೆ ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿ ವಾಸನೆ ಬೀರಿ, ಗಾಜಿಗೆ ಜಿಡ್ಡು ಹಚ್ಚಿ ಸುದ್ದಿ ಮುಟ್ಟಿಸುತ್ತದೆ. ಹಾಗಾಗಿಯೇ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಾರಲ್ಲ, ಅದೇ ಉಪಾಯ. ಕೋರನ್ನು ಅದ್ದಲಾಗದು, ಆದ್ದರಿಂದ ಗುಳ್ಳೆಯ ಬದಲು ಮೀಟರಿನ ಮುಳ್ಳು ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೋರಿಗೆ ಹೋಗುವ ಎರಡು ಹೋಸ್‌ಗಳನ್ನು ಕಳಚಿದೆ. ಕೋರಿನ ಒಂದು ಬಾಯಿಗೆ ರಬ್ಬರ್ ಬಿರಡೆ, ಇನ್ನೊಂದಕ್ಕೆ ಹಳೇ ಟ್ಯೂಬಿನ ವಾಲ್ವ್ ಕೂರಿಸಿ ಕ್ಲಾಂಪ್ ಬಿಗಿದೆ. ಮೀಟರಿರುವ ಸೈಕಲ್ ಪಂಪಿನಿಂದ ನಿಧಾನವಾಗಿ ಗಾಳಿ ತುಂಬಿದೆ. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವ ಒತ್ತಡವನ್ನು ಮೀರಬಾರದು. ಬಹಳಷ್ಟು ಕಾರುಗಳಲ್ಲಿ ಅದು 15 ಪಿಎಸ್‌ಐ ಆಸುಪಾಸು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದೆ. ಅಲ್ಲಿ ಗುಳ್ಳೆ ಬರಲಿಲ್ಲ. ಆದರೂ ಹತ್ತು ನಿಮಿಷದಲ್ಲಿ ಮುಳ್ಳು ಅರ್ಧಕ್ಕಿಳಿಯಿತು.

ಮೆಕ್ಯಾನಿಕ್ ಹೇಳಿದ್ದೇ ಸರಿ. ಡ್ಯಾಶ್‌ಬೋರ್ಡ್ ಬಿಚ್ಚಿಸಿದೆ.

ಇನ್ನೊಂದು ಮಾತು. ಇಳಿಸಿದ ಕೂಲೆಂಟನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೇ ಗ್ಯಾರೇಜಿಗೆ ಒಯ್ದೆ. ಗ್ಲೈಕಾಲ್‌ನ ರುಚಿಯೂ ಸಿಹಿ, ಆದರೆ ಅದು ವಿಷ. ನಮ್ಮನ್ನು ಎಚ್ಚರಿಸುವ ಆ ಸಿಹಿಯೇ ನಮ್ಮ ಗಲ್ಲಿಯ ನಾಯಿಗಳನ್ನು ಕರೆಯುತ್ತದೆ.